ಸೂನಾಧ್ಯಕ್ಷನ ಐವತ್ತು ಪಣ

ಭಾನುವಾರ ಮುಂಜಾನೆ ಐದು ಗಂಟೆಯ ಹೊತ್ತಿಗೆ, ಉತ್ತರಹಳ್ಳಿ ಮುಖ್ಯರಸ್ತೆಯ ದೀಪಗಳಿನ್ನೂ ಆರದಿರುವಾಗ, ಹಾಲಿನ ಬೂತಿನ ಮುಂದೆ ಕ್ರೇಟುಗಳು ಒಂದರ ಮೇಲೊಂದು ಏರುತ್ತಿರುವಾಗ, ಚಿಕ್ಕಲಸಂದ್ರದ ಒಂದಿಲ್ಲೊಂದು ಅಡ್ಡರಸ್ತೆಯಲ್ಲಿ ನಡೆದುಹೋಗುವವನ ಕಿವಿಗೆ ಕುರಿಯೊಂದರ ಕೂಗು ಬೀಳುವುದುಂಟು. ಅದು ಹಿಂಡಿನ ಕೂಗಲ್ಲ. ಜೊತೆಯವುಗಳೆಲ್ಲ ಒಂದೊಂದಾಗಿ ಕಣ್ಮರೆಯಾದ ಬಳಿಕ, ಚರಂಡಿಯ ಮೇಲಿನ ಚಪ್ಪಡಿಯಲ್ಲಿ ಒಂಟಿಯಾಗಿ ಉಳಿದ ಕಡೆಯ ಕುರಿ ಮಾತ್ರವೇ ಹಾಗೆ, ಒಂದೇ ಶ್ರುತಿಯಲ್ಲಿ, ಬಿಡುವಿಲ್ಲದೆ ಕೂಗುತ್ತದೆ.

ಏಳು ಗಂಟೆಯ ವೇಳೆಗೆ ಕೂಗು ನಿಂತಿರುತ್ತದೆ. ಅರ್ಧ ಎತ್ತಿದ ಷಟರು ಪೂರ್ತಿ ಮೇಲೇರಿ, ಕೊಕ್ಕೆಗಳಿಗೆ ತೊಡೆಗಳು ತೂಗಿ, ಕೊರಡಿನ ಮೇಲೆ ಮಚ್ಚಿನ ಸದ್ದು ಆರಂಭವಾಗಿ, ಮುಂದೆ ಜನರ ಸಾಲು ಬೆಳೆದಿರುತ್ತದೆ. ಸಾಲಿನ ಮೊದಲಿಗೆ ನಿಂತ ವೃದ್ಧೆಯೊಬ್ಬಳು ಚೀಲದಿಂದ ಸ್ಟೀಲ್ ಡಬ್ಬಿ ತೆಗೆಯುತ್ತ, "ಯಾವಾಗ ಕುಯ್ದಿದ್ದು ತಮ್ಮಾ?" ಎಂದು ಕೇಳುತ್ತಾಳೆ. "ಈಗಷ್ಟೇ ಕಣಮ್ಮ, ಇಲ್ಲೇ ಹಿಂದುಗಡೆ" ಎಂದು ಅಂಗಡಿಯಾತ ಹೆಮ್ಮೆಯಿಂದಲೇ ಉತ್ತರಿಸುತ್ತಾನೆ. ವೃದ್ಧೆಗೆ ತೃಪ್ತಿಯಾಗುತ್ತದೆ.

ಈ ಉತ್ತರದಲ್ಲಿ ಒಂದು ವಿಚಿತ್ರವಿದೆ. ಕೊಳ್ಳುವವಳ ಕಿವಿಗೆ ಅದು ಪದಾರ್ಥ ತಾಜಾ ಎಂಬ ಪ್ರಮಾಣಪತ್ರ. 2001ರಿಂದ ಜಾರಿಯಲ್ಲಿರುವ ಕೇಂದ್ರ ಸರ್ಕಾರದ ನಿಯಮಾವಳಿಯೊಂದರ ದೃಷ್ಟಿಯಲ್ಲಿ ತಪ್ಪೊಪ್ಪಿಗೆ. ಇದು ಯಾವೊಂದು ಅಂಗಡಿಯ ಮೇಲಿನ ದೂರೂ ಅಲ್ಲ, ಯಾವೊಂದು ಬಡಾವಣೆಯ ಕಥೆಯೂ ಅಲ್ಲ. ನಮ್ಮ ನಗರಗಳೆಲ್ಲದರ ಭಾನುವಾರವೂ ಹೀಗೆಯೇ ಬೆಳಗಾಗುತ್ತದೆ. ನಿಯಮ ಏನು ಹೇಳುತ್ತದೆ, ಅದು ಅಂಗಡಿಯ ಹಿಂಬಾಗಿಲಿನವರೆಗೆ ಏಕೆ ಬರಲಾರದೆ ನಿಂತಿದೆ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೈಸೂರಿನಲ್ಲಿ ದೊರೆತ ಅಧಿಕಾರಿ

1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ವಿದ್ವಾಂಸ ಆರ್. ಶಾಮಶಾಸ್ತ್ರಿಗಳ ಕೈಗೆ ತಾಳೆಗರಿಯ ಕಟ್ಟೊಂದು ಬಂದು, ಅದು ಶತಮಾನಗಳಿಂದ ಹೆಸರು ಮಾತ್ರವಾಗಿ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗೊತ್ತಾದದ್ದೂ, 1909ರಲ್ಲಿ ಅದು ಅಚ್ಚಾಗಿ ಹೊರಬಂದದ್ದೂ ಓದುಗರಿಗೆ ತಿಳಿದ ಸಂಗತಿಯೇ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುಂಕದವನು, ಸುರೆಯವನು, ನೂಲಿನವನು ಎಂದು ಸಾಲಾಗಿ ಬರುವ ಅಧ್ಯಕ್ಷರ ನಡುವೆ ಸೂನಾಧ್ಯಕ್ಷನೆಂಬವನೊಬ್ಬ ಇದ್ದಾನೆ ಎಂಬುದು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಸೂನಾ ಎಂದರೆ ವಧಾಸ್ಥಾನ.

ಈ ಅಧ್ಯಕ್ಷನ ಕರ್ತವ್ಯಗಳನ್ನು ಓದಿದರೆ ನಗರಪಾಲಿಕೆಯ ಸುತ್ತೋಲೆಯನ್ನು ಓದಿದಂತೆಯೇ ಆಗುತ್ತದೆ. ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನೂ, ನಾರುವ ಮಾಂಸವನ್ನೂ, ವಧಾಸ್ಥಾನದ ಹೊರಗೆ ಕೊಂದ ಪ್ರಾಣಿಯ ಮಾಂಸವನ್ನೂ ಮಾರಕೂಡದು. ಮಾರಿದವನಿಗೆ ಹನ್ನೆರಡು ಪಣ ದಂಡ. ಕರು, ಹೋರಿ, ಹಾಲು ಕೊಡುವ ಹಸು ಇವುಗಳನ್ನು ಕೊಲ್ಲಕೂಡದು. ಕೊಂದವನಿಗೆ ಐವತ್ತು ಪಣ. ಇಷ್ಟು ಹೇಳಿ ಕೌಟಿಲ್ಯ ಅಲ್ಲಿಗೇ ನಿಲ್ಲಿಸದೆ, ಪ್ರಾಣಿಯನ್ನು ಕ್ಲೇಶಪಡಿಸಿ ಕೊಲ್ಲುವವನಿಗೂ ಅದೇ ಐವತ್ತು ಪಣವೆಂದು ಸೇರಿಸುತ್ತಾನೆ. ಕೊಲ್ಲುವುದು ಒಂದು, ಹಿಂಸಿಸಿ ಕೊಲ್ಲುವುದು ಇನ್ನೊಂದು ಎಂಬ ವಿವೇಚನೆ ಆಗಲೇ ಶಾಸನಕ್ಕೆ ಬಂದಿತ್ತೆಂದಾಯಿತು.

ಅಶೋಕನೂ ಇದೇ ದಾರಿಯವನು. ಅವನ ಐದನೆಯ ಸ್ತಂಭಶಾಸನ, ಗಬ್ಬವಾದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳು ತುಂಬದ ಮರಿಗಳನ್ನೂ ಕೊಲ್ಲಬಾರದೆಂದು ವಿಧಿಸುತ್ತದೆ. ಆ ಸ್ತಂಭಗಳು ಉತ್ತರದವು. ಆದರೆ ಪ್ರಾಣಿಗಳಲ್ಲಿ ದಯೆ ದೃಢವಾಗಿರಲೆಂಬ ಅವನ ಮಾತನ್ನು ಹೊತ್ತ ಕಲ್ಲು ನಮ್ಮ ಮೊಳಕಾಲ್ಮುರು ಸೀಮೆಯ ಬ್ರಹ್ಮಗಿರಿಯಲ್ಲೇ ಇದೆ. ಚಿತ್ರದುರ್ಗ, ಶಿರಾ, ತುಮಕೂರುಗಳ ಆ ಬಯಲುಸೀಮೆಯಿಂದಲೇ ಇಂದಿಗೂ ಬೆಂಗಳೂರಿಗೆ ಕುರಿಗಳು ಬರುತ್ತವೆಂಬುದನ್ನು ಆ ಬೆಟ್ಟದ ಬುಡದಲ್ಲಿ ನಿಂತವನು ನೆನೆಯದಿರಲಾರ.

ಕಲಾಕ್ಷೇತ್ರದಿಂದ ರಾಜ್ಯಸಭೆಗೆ

ಸ್ವತಂತ್ರ ಭಾರತದಲ್ಲಿ ಈ ವಿಚಾರವನ್ನು ಎತ್ತಿದವರು ವಕೀಲರೂ ಅಲ್ಲ, ಪಶುವೈದ್ಯರೂ ಅಲ್ಲ. ಭರತನಾಟ್ಯಕ್ಕೆ ಹೊಸ ಗೌರವ ತಂದ, ಮದರಾಸಿನ ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡ ಆಕೆ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆಯೊಂದನ್ನು ಮಂಡಿಸಿ, ಸರ್ಕಾರವೇ ಶಾಸನ ತರುವುದೆಂಬ ನೆಹರೂ ಅವರ ಭರವಸೆಯ ಮೇಲೆ ಅದನ್ನು ಹಿಂತೆಗೆದುಕೊಂಡರು. ಭರವಸೆ ಸುಳ್ಳಾಗಲಿಲ್ಲ. 1960ರಲ್ಲಿ ಪ್ರಾಣಿಗಳ ವಿರುದ್ಧ ಕ್ರೌರ್ಯ ತಡೆ ಕಾಯಿದೆ ಬಂದಿತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಲಿ ಸ್ಥಾಪಿತವಾಗಿ, ಅದರ ಮೊದಲ ಅಧ್ಯಕ್ಷಸ್ಥಾನ ರುಕ್ಮಿಣೀದೇವಿಯವರದೇ ಆಯಿತು.

ಈ ಕಾಯಿದೆ ಮಾಂಸಾಹಾರವನ್ನು ನಿಷೇಧಿಸಲಿಲ್ಲ, ನಿಷೇಧಿಸಬೇಕಾಗಿಯೂ ಇರಲಿಲ್ಲ. ಮನುಷ್ಯನ ಆಹಾರಕ್ಕಾಗಿ ಪ್ರಾಣಿಯನ್ನು ಕೊಲ್ಲುವುದು ಅಪರಾಧವಲ್ಲವೆಂದು ಹನ್ನೊಂದನೆಯ ಕಲಮೇ ಒಪ್ಪುತ್ತದೆ. ಆದರೆ ಅನಾವಶ್ಯಕವಾದ ನೋವಾಗಲಿ ಯಾತನೆಯಾಗಲಿ ಜೊತೆಗೂಡಿರಕೂಡದೆಂಬ ಷರತ್ತನ್ನು ಅಲ್ಲಿಯೇ ಕಟ್ಟುತ್ತದೆ. ಯಾವುದೇ ಮತದ ವಿಧಿಗನುಸಾರವಾದ ವಧಾಕ್ರಮಕ್ಕೆ 28ನೆಯ ಕಲಮಿನ ರಕ್ಷಣೆಯುಂಟು.

ಇನ್ನು ಶಿಕ್ಷೆ. ಮೊದಲ ಅಪರಾಧಕ್ಕೆ ಹತ್ತು ರೂಪಾಯಿಗಿಂತ ಕಡಮೆಯಿಲ್ಲದ, ಐವತ್ತು ರೂಪಾಯಿವರೆಗಿನ ಜುಲ್ಮಾನೆ! ಮೂರು ವರ್ಷದೊಳಗೆ ಅದೇ ತಪ್ಪು ಮರುಕಳಿಸಿದರೆ ಮಾತ್ರ ನೂರು ರೂಪಾಯಿವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆ. ಕೌಟಿಲ್ಯನ ಐವತ್ತು ಪಣ ಅಂದಿನ ಕಟುಕನಿಗೆ ಎಷ್ಟು ಭಾರವಾಗಿತ್ತೋ ಹೇಳುವುದು ಕಷ್ಟ. ನಮ್ಮ ಐವತ್ತು ರೂಪಾಯಿಗೆ ಇಂದು ಚಿಕ್ಕಲಸಂದ್ರದಲ್ಲಿ ನೂರು ಗ್ರಾಂ ಬಾಡೂ ಬಾರದು.

ಐದು ನಿಮಿಷದ ಪರೀಕ್ಷೆ

ಕಾಯಿದೆಯ ಸಾಮಾನ್ಯ ಮಾತನ್ನು ವಧಾಲಯದ ನೆಲಕ್ಕೆ ಇಳಿಸಿದ್ದು 2001ರ ವಧಾಲಯ ನಿಯಮಗಳು. ಇವು ಸಣ್ಣ ನಿಯಮಗಳಾದರೂ ಬರೆದವನು ವಧಾಲಯದಲ್ಲಿ ನಿಂತು ನೋಡಿ ಬರೆದಂತಿವೆ ಎಂದೇ ನನ್ನ ಎಣಿಕೆ.

ನಗರದ ಎಲ್ಲೆಯೊಳಗೆ ಪರವಾನಗಿ ಪಡೆದ ವಧಾಲಯದ ಹೊರತು ಬೇರೆಲ್ಲಿಯೂ ಪ್ರಾಣಿಯನ್ನು ಕೊಲ್ಲತಕ್ಕದ್ದಲ್ಲ. ಗಬ್ಬವಾದದ್ದನ್ನೂ, ಮೂರು ತಿಂಗಳು ತುಂಬದ ಮರಿಯನ್ನೂ, ಅಂಥ ಮರಿಯ ತಾಯಿಯನ್ನೂ ಕೊಲ್ಲತಕ್ಕದ್ದಲ್ಲ. ಅಶೋಕನ ಆರು ತಿಂಗಳು ಇಲ್ಲಿ ಮೂರಕ್ಕೆ ಇಳಿದಿದೆಯೆನ್ನಿ. ವಾಹನದಿಂದ ಪ್ರಾಣಿ ಜಿಗಿಯದೆ ಬೀಳದೆ ಇಳಿಯುವಂತೆ ಇಳಿಜಾರು ಕಟ್ಟೆ ಇರಬೇಕು. ಇಳಿದ ಮೇಲೆ ನೀರು, ಮೇವು. ಅನಂತರ ಪಶುವೈದ್ಯನ ಪರೀಕ್ಷೆ: ಒಬ್ಬ ವೈದ್ಯ ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ನೋಡಕೂಡದು. ಅಂದರೆ ತಲೆಗೆ ಐದು ನಿಮಿಷ. ಕಣ್ಣಿನ ಕೆಳಗಿನ ಪೊರೆಯನ್ನು ಸರಿಸಿ ನೋಡುವುದಕ್ಕೆ, ನಾಲ್ಕು ಹೆಜ್ಜೆ ನಡೆಸಿ ಕುಂಟನ್ನು ಗುರುತಿಸುವುದಕ್ಕೆ, ಹೊಟ್ಟೆಯ ಮೇಲೆ ಕೈಯಿಟ್ಟು ಗಬ್ಬವೋ ಅಲ್ಲವೋ ತಿಳಿಯುವುದಕ್ಕೆ ಐದು ನಿಮಿಷ ಧಾರಾಳವೇನಲ್ಲ; ಸಾಲದೆಂದೂ ಹೇಳಲಾಗದು. ಪರೀಕ್ಷೆಯಾದ ಮೇಲೆ ವಿಶ್ರಾಂತಿ.

ಆಮೇಲೆ ಬರುವ ನಿಯಮ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಒಂದು ಪ್ರಾಣಿಯ ಕಣ್ಣೆದುರಿಗೆ ಇನ್ನೊಂದನ್ನು ಕೊಲ್ಲತಕ್ಕದ್ದಲ್ಲ. ಕತ್ತಿಯನ್ನು ಚೆನ್ನಾಗಿ ಮಸೆಯಬೇಕು, ಮಸೆಯುವುದು ಪ್ರಾಣಿಗೆ ಕಾಣಕೂಡದು, ಒಂದರ ಮುಂದೆ ಒಂದನ್ನು ಕೊಯ್ಯಕೂಡದು ಎಂಬ ವಿಧಿ ಇಸ್ಲಾಮಿನ ಸಂಪ್ರದಾಯದಲ್ಲಿಯೂ ಇದೆ. ನಮ್ಮ ಹಳ್ಳಿಗಳ ಮಾರಿಹಬ್ಬದಲ್ಲಿ ಕುರಿಯ ಬೆನ್ನಿಗೆ ತೀರ್ಥ ಚಿಮುಕಿಸಿ ಅದು ಮೈ ಒದರುವ ತನಕ ಕಾಯುತ್ತಿದ್ದುದನ್ನು ಕಂಡವರು ಹಲವರು. ಒದರಿದರೆ ಒಪ್ಪಿತೆಂದು ಅರ್ಥ. ತಣ್ಣೀರು ಬಿದ್ದರೆ ಯಾವ ಕುರಿಯಾದರೂ ಒದರದಿರುತ್ತದೆಯೆ ಎಂದು ಚಿಕ್ಕಂದಿನಲ್ಲಿ ನನಗೆ ಅನುಮಾನವಿತ್ತು, ಈಗಲೂ ಇದೆ. ಆದರೂ ಕೊಲ್ಲುವವನು ಕೈಯೆತ್ತಿ ಒಂದು ಕ್ಷಣ ನಿಲ್ಲುತ್ತಿದ್ದನಷ್ಟೆ. ಆ ಒಂದು ಕ್ಷಣವನ್ನೇ ಶಾಸನ ತನ್ನ ಭಾಷೆಯಲ್ಲಿ ಕೇಳುತ್ತಿರುವುದು.

ಕತ್ತಿಗೆ ಮುಂಚಿನ ಗಂಟೆಗಳು

ಯಾತನೆಯೆಂದರೆ ಕತ್ತಿಯೊಂದೇ ಎಂದು ನಾವು ಭಾವಿಸುತ್ತೇವೆ. ಹರಿತವಾದ ಕತ್ತಿ, ಪಳಗಿದ ಕೈ ಇದ್ದಲ್ಲಿ ಅದು ಬೇಗ ಮುಗಿಯುವ ಭಾಗ. ದೀರ್ಘವಾದದ್ದು ಅದಕ್ಕೆ ಹಿಂದಿನದು: ಸಂತೆಯ ಬಿಸಿಲು, ರಾತ್ರಿಯ ಪಯಣ, ನೀರಿಲ್ಲದ ಕಾಯುವಿಕೆ.

ಸಾಗಣೆಗೂ ನಿಯಮಗಳಿವೆ. ನಾಲ್ಕೂವರೆ ಐದು ಟನ್ನಿನ ಲಾರಿಯಲ್ಲಿ 40ಕ್ಕಿಂತ ಹೆಚ್ಚು ಕುರಿ ಮೇಕೆಗಳಿರಕೂಡದು. ಅಡಿಗೆ ಐದು ಸೆಂಟಿಮೀಟರಾದರೂ ಹುಲ್ಲಿನ ಹಾಸು ಬೇಕು. ಕಾಲುಗಳನ್ನು ಕಟ್ಟಿ ಕೆಡವಕೂಡದು. ರಾತ್ರಿ ಹೆದ್ದಾರಿಯಲ್ಲಿ ಎರಡಂತಸ್ತಿನ ಲಾರಿಗಳ ಹಲಗೆಯ ಸಂದಿಯಿಂದ ಹೊರಚಾಚಿದ ಮುಸುಡಿಗಳನ್ನು ಕಂಡವರು ನಲವತ್ತರ ಲೆಕ್ಕವನ್ನು ತಾವೇ ಹಾಕಬಹುದು. ಇನ್ನು ಕೋಳಿಯ ಮಾತು. ಸ್ಕೂಟರಿನ ಹಿಂಬದಿಯ ಕಂಬಿಗೆ ಕಾಲುಗಳನ್ನು ಕಟ್ಟಿ, ತಲೆ ಕೆಳಗಾಗಿ, ಕತ್ತು ಎತ್ತಿ ಎತ್ತಿ ಸೋಲುತ್ತ ಹೋಗುವ ಕೋಳಿಗಳ ಗೊಂಚಲನ್ನು ಬನಶಂಕರಿಯಿಂದ ಉತ್ತರಹಳ್ಳಿಯವರೆಗೆ ಯಾವ ಸಿಗ್ನಲ್ಲಿನಲ್ಲಿಯಾದರೂ ನೋಡಬಹುದು. ಅಂಗಡಿ ತಲುಪಿದ ಮೇಲೆ ಅದಕ್ಕೆ ಕಾದಿರುವುದು ನೀಲಿ ಡ್ರಮ್ಮು. ಕೊರಳು ಕೊಯ್ದು ಒಳಕ್ಕೆಸೆದ ಮೇಲೆ ಆ ಡ್ರಮ್ಮು ಒಂದಷ್ಟು ಹೊತ್ತು ಒಳಗಿನಿಂದಲೇ ಬಡಿದುಕೊಳ್ಳುತ್ತದೆ. ಪಕ್ಕದ ಪಂಜರದ ಕೋಳಿಗಳಿಗೂ, ಸಾಲಿನಲ್ಲಿ ಮೊಬೈಲು ನೋಡುತ್ತ ನಿಂತವರಿಗೂ ಆ ಸದ್ದು ಒಂದೇ ಸಮ ಕೇಳಿಸುತ್ತದೆ.

ದಯೆಯ ಮಾತು ಬೇಡವೆನ್ನುವವರಿಗೆ ನಾಲಗೆಯ ಲೆಕ್ಕವೂ ಒಂದುಂಟು. ನೆಮ್ಮದಿಯಲ್ಲಿದ್ದ ಪ್ರಾಣಿಯ ಸ್ನಾಯುಗಳಲ್ಲಿ ಶರ್ಕರದ ಸಂಗ್ರಹವಿರುತ್ತದೆ. ಪ್ರಾಣ ಹೋದ ಬಳಿಕ ಅದು ಆಮ್ಲವಾಗಿ ಮಾರ್ಪಟ್ಟು, ಏಳರ ಹತ್ತಿರವಿದ್ದ ಪಿಎಚ್ ಐದೂವರೆಯ ಸುಮಾರಿಗೆ ಇಳಿದು, ಮಾಂಸ ಮೃದುವಾಗಿ ಕೆಲಕಾಲ ಕೆಡದೆ ನಿಲ್ಲುತ್ತದೆ. ಹಸಿದು, ಬೆದರಿ, ರಾತ್ರಿಯಿಡೀ ನಿಂತೇ ಬಂದ ಪ್ರಾಣಿಯಲ್ಲಿ ಆ ಸಂಗ್ರಹ ಕತ್ತಿಗೆ ಮುಂಚೆಯೇ ಕರಗಿಹೋಗಿರುತ್ತದೆ. ಪಿಎಚ್ ಆರಕ್ಕಿಂತ ಕೆಳಗಿಳಿಯದು. ಮಾಂಸ ಕಪ್ಪಗೆ, ಬಿರುಸಾಗಿ ಉಳಿದು ಬೇಗ ಹಳಸುತ್ತದೆ. ಕುರಿಯ ಭಯ ಹೀಗೆ ಸಾರಿನ ಪಾತ್ರೆಯವರೆಗೂ ಬರುತ್ತದೆ.

ಎಣಿಸಿದ ಹೆಂಗಸು

ಕ್ರೌರ್ಯವನ್ನು ಅಳೆಯುವುದು ಹೇಗೆ? ಅಮೆರಿಕದ ಟೆಂಪಲ್ ಗ್ರಾಂಡಿನ್ ಎಂಬ ಪ್ರಾಣಿವಿಜ್ಞಾನಿ ಇದಕ್ಕೆ ಕೊಟ್ಟ ಉತ್ತರ ಬಹಳ ಸರಳವಾದದ್ದು: ಎಣಿಸಿ. ತಾವೇ ಆಟಿಸಂ ಉಳ್ಳವರಾದ ಆಕೆ, ದನಗಳು ನಡೆಯುವ ಓಣಿಯಲ್ಲಿ ತಾವೂ ನಡೆದು, ದನಗಳ ಕಣ್ಣಿನ ಎತ್ತರದಿಂದ ನೋಡಿದರು. ತೂಗಾಡುವ ಒಂದು ಸರಪಳಿ, ಕಂಬಿಯ ಮೇಲೆ ಯಾರೋ ಬಿಟ್ಟುಹೋದ ಕೋಟು, ನೆಲದ ನೀರಿನಲ್ಲಿ ಹೊಳೆಯುವ ದೀಪ, ಇಂಥವೇ ಸಾಕು, ಮುಂದಿನ ದನ ಬೆಚ್ಚಿ ನಿಲ್ಲುತ್ತದೆ. ನಿಂತದ್ದಕ್ಕೆ ಕೋಲು ಬೀಳುತ್ತದೆ. ಸರಪಳಿಯನ್ನು ತೆಗೆದರೆ ಕೋಲೂ ಬೇಡವಾಗುತ್ತದೆ.

ಅವರ ಪಟ್ಟಿಯಲ್ಲಿ ಇದ್ದದ್ದು ಬೆರಳೆಣಿಕೆಯ ಪ್ರಶ್ನೆಗಳು. ನೂರರಲ್ಲಿ ಎಷ್ಟು ಪ್ರಾಣಿಗಳು ಮೊದಲ ಏಟಿಗೇ ಪ್ರಜ್ಞೆ ತಪ್ಪಿದವು? ಎಷ್ಟು ಕೂಗಿದವು? ಎಷ್ಟು ಜಾರಿಬಿದ್ದವು? ಎಷ್ಟಕ್ಕೆ ವಿದ್ಯುತ್ ಕೋಲು ತಾಗಿಸಬೇಕಾಯಿತು? 1996ರಲ್ಲಿ ಹೀಗೆ ಎಣಿಸಿದಾಗ, ದನ ಕಡಿಯುವ ವಧಾಲಯಗಳ ಪೈಕಿ ಹತ್ತರಲ್ಲಿ ಮೂರು ಮಾತ್ರ ಮೊದಲ ಏಟಿನ ವಿಚಾರದಲ್ಲಿ ನೂರಕ್ಕೆ 95ರ ಗುರಿ ಮುಟ್ಟಿದ್ದವು. 1999ರಲ್ಲಿ ಮೆಕ್‌ಡೊನಾಲ್ಡ್ಸ್ ತನಗೆ ಮಾಂಸ ಒದಗಿಸುವವರನ್ನೆಲ್ಲ ಇದೇ ಪಟ್ಟಿಯಿಂದ ತಪಾಸಣೆ ಮಾಡಿಸತೊಡಗಿದ ಕೂಡಲೇ ಸ್ಥಿತಿ ಬದಲಾಯಿತು. 1958ರಿಂದಲೂ ಅಲ್ಲಿ ಕಾನೂನಿತ್ತೆಂಬುದನ್ನು ಮರೆಯಬಾರದು. ನಲವತ್ತು ವರ್ಷ ಶಾಸನಕ್ಕಾಗದ ಕೆಲಸವನ್ನು ಕೊಳ್ಳುವವನ ಒಂದು ಪ್ರಶ್ನೆ ಮಾಡಿತು. ಇಂಗ್ಲೆಂಡಿನಲ್ಲಿ 2018ರಿಂದ ಪ್ರತಿ ವಧಾಲಯದಲ್ಲಿಯೂ ಜೀವಂತ ಪ್ರಾಣಿಗಳಿರುವ ಕಡೆಯಲ್ಲೆಲ್ಲ ಕ್ಯಾಮೆರಾ ಕಡ್ಡಾಯ.

ಹತ್ತರ ಒಳಗೆ, ಹತ್ತರ ಹೊರಗೆ

ಈಗ ಚಿಕ್ಕಲಸಂದ್ರಕ್ಕೆ ಮರಳೋಣ. ಎಣಿಸುವುದಕ್ಕಾದರೂ ಒಂದು ಸ್ಥಳ ಬೇಕಷ್ಟೆ? ನಗರಪಾಲಿಕೆಯ ಹೆಸರಾಂತ ಕಸಾಯಿಖಾನೆ ಇರುವುದು ಟ್ಯಾನರಿ ರಸ್ತೆಯಲ್ಲಿ, ಊರಿನ ಇನ್ನೊಂದು ಮಗ್ಗುಲಲ್ಲಿ. ಭಾನುವಾರ ನಾಲ್ಕೈದು ಕುರಿ ಮಾರುವ ಅಂಗಡಿಯಾತ ಅಷ್ಟು ದೂರ ಕುರಿಗಳನ್ನು ಒಯ್ದು, ಪರೀಕ್ಷೆ ಮಾಡಿಸಿ, ಕೊಯ್ಸಿ, ಮುದ್ರೆ ಹಾಕಿಸಿ, ಏಳು ಗಂಟೆಗೆ ಮರಳಿ ಬರಬೇಕೆಂದು ನಿಯಮದ ನಿರೀಕ್ಷೆ. ಆತ ಹೋಗುವುದಿಲ್ಲ. ಹೋಗದವನನ್ನು ಕಟುಕನೆಂದು ಹಳಿಯುವುದು ಸುಲಭ; ಅವನ ಬಡಾವಣೆಯ ಸಮೀಪದಲ್ಲಿ ಒಂದು ಚಿಕ್ಕ, ಶುಚಿಯಾದ ವಧಾಲಯ ಕಟ್ಟಹೊರಟರೆ ಮೊದಲು ಅರ್ಜಿ ಹಿಡಿದು ಬರುವವರು ಮಾಂಸ ತಿನ್ನುವ ನಾವೇ.

ಇದರ ಮೇಲೆ ಶಾಸನಗಳೇ ಒಂದಕ್ಕೊಂದು ಬೆನ್ನು ತಿರುಗಿಸಿವೆ. 2001ರ ನಿಯಮಗಳ ಪ್ರಕಾರ ದಿನಕ್ಕೆ ಹತ್ತು ಅಥವಾ ಅದಕ್ಕೆ ಮೇಲ್ಪಟ್ಟು ಪ್ರಾಣಿಗಳನ್ನು ಕೊಲ್ಲುವ, ಪರವಾನಗಿಯಿರುವ ಸ್ಥಳವೇ ವಧಾಲಯ. 2011ರ ಆಹಾರ ಸುರಕ್ಷತಾ ನಿಬಂಧನೆಗಳಾದರೋ ದಿನಕ್ಕೆ ಹತ್ತು ಕುರಿ ಮೇಕೆ ಅಥವಾ 50 ಕೋಳಿಗಳವರೆಗೆ ಕೊಲ್ಲುವ ಸಣ್ಣ ಘಟಕವನ್ನು ಬರಿಯ ನೋಂದಣಿಯಿಂದ ಒಪ್ಪಿಕೊಳ್ಳುತ್ತವೆ. ಅಂಗಡಿಯಾತ ಗೋಡೆಯ ಮೇಲಿನ ನೋಂದಣಿಪತ್ರವನ್ನು ತೋರಿಸಿದರೆ ಅದು ಸುಳ್ಳಲ್ಲ. ಹಿಂದುಗಡೆ ಕೊಯ್ಯಕೂಡದೆಂದು ಇನ್ನೊಬ್ಬ ಅಧಿಕಾರಿ ಹೇಳಿದರೆ ಅದೂ ಸುಳ್ಳಲ್ಲ. ಗುಜರಾತಿನ ಉಚ್ಚ ನ್ಯಾಯಾಲಯದ ಮುಂದೆ 2023ರಲ್ಲಿ, ಅಂಗಡಿಗಳಲ್ಲಿ ಕೋಳಿ ಕೊಯ್ಯುವುದರ ಮೇಲಿನ ವ್ಯಾಜ್ಯದಲ್ಲಿ, ಕೋಳಿ ಪ್ರಾಣಿಯೋ ಅಲ್ಲವೋ ಎಂಬುದೇ ಚರ್ಚೆಯ ವಸ್ತುವಾಯಿತು. ನಗಬೇಕೆನಿಸಿದರೂ, ಪ್ರಶ್ನೆ ಅಷ್ಟು ಹಗುರವಲ್ಲ: ಕೋಳಿ ಪ್ರಾಣಿಯಾದರೆ ಅದೂ ವಧಾಲಯಕ್ಕೇ ಹೋಗಬೇಕು.

ಯಾರ ಕೆಲಸ?

ಜಾರಿಗೆ ತರಬೇಕಾದವರ ಸಂಖ್ಯೆಗೆ ಕೊರತೆಯಿಲ್ಲ. ನಗರಪಾಲಿಕೆಯ ಪಶುಪಾಲನಾ ಶಾಖೆಯುಂಟು, ಆರೋಗ್ಯಾಧಿಕಾರಿಯುಂಟು, ಆಹಾರ ಸುರಕ್ಷತಾ ಅಧಿಕಾರಿಯುಂಟು, ಪೊಲೀಸರುಂಟು, ಜಿಲ್ಲೆಗೊಂದು ಪ್ರಾಣಿದಯಾ ಸಂಘವಿರತಕ್ಕದ್ದೆಂಬ ನಿಯಮವುಂಟು, ಎಲ್ಲರ ಮೇಲೆ ಪ್ರಾಣಿ ಕಲ್ಯಾಣ ಮಂಡಲಿಯ ತಪಾಸಣಾಧಿಕಾರವುಂಟು. ಲಕ್ಷ್ಮೀನಾರಾಯಣ ಮೋದಿ ಎಂಬವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆಲ್ಲ ವಧಾಲಯ ಸಮಿತಿಗಳನ್ನು ರಚಿಸುವಂತೆ ನಿರ್ದೇಶಿಸಿದ್ದೂ ಆಯಿತು. ಐದಾರು ಮಂದಿ ಕಾವಲಿರುವ ಹೊಲದಲ್ಲಿ ಪ್ರತಿಯೊಬ್ಬನೂ ಉಳಿದವರು ಎಚ್ಚರವಿದ್ದಾರೆಂದು ನಂಬಿ ಮಲಗಿದಂತೆ ಇದೆ ಸ್ಥಿತಿ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಒಂದರ ಬದಲು ಐದು ನಗರಪಾಲಿಕೆಗಳು. ಐದರಲ್ಲಿ ಒಂದೊಂದಕ್ಕೂ ತನ್ನದೇ ಚಿಕ್ಕ ವಧಾಲಯಗಳು ದೊರೆತಾವೆಂದು ಆಶಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಬಾರದು.

ದನದ ಪ್ರಶ್ನೆ ಬಂದಾಗ ಮಾತ್ರ ನಮ್ಮ ಶಾಸನಸಭೆ ಕಾದು ಕೆಂಪಾಗುತ್ತದೆ. 1964ರ ಶಾಸನದ ಜಾಗಕ್ಕೆ 2020ರ ಶಾಸನ ಬಂದು, 13 ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು ಮತ್ತಾವ ಜಾನುವಾರನ್ನೂ ಕೊಲ್ಲುವುದು ಏಳು ವರ್ಷದವರೆಗೆ ಸೆರೆಗೆ ಗುರಿಯಾಗುವ ಅಪರಾಧವಾಯಿತು. ಅದರ ಗುಣದೋಷಗಳ ವಿಚಾರ ಬೇರೆ. ಯಾವುದನ್ನು ಕೊಲ್ಲಬಾರದೆಂಬುದಕ್ಕೆ ಏಳು ವರ್ಷ, ಹೇಗೆ ಕೊಲ್ಲಬಾರದೆಂಬುದಕ್ಕೆ ಐವತ್ತು ರೂಪಾಯಿ: ಈ ಅಂತರವನ್ನು ನೋಡಿದರೆ, ಕೌಟಿಲ್ಯ ಎರಡಕ್ಕೂ ಒಂದೇ ದಂಡ ವಿಧಿಸಿದ್ದರಲ್ಲಿ ಹೆಚ್ಚಿನ ವಿವೇಕ ನನಗೆ ಕಾಣುತ್ತದೆ.

ಕೊಯ್ಯುವವನ ಮಾತೂ ಒಂದಿದೆ. ಹದಿನೆಂಟು ತುಂಬದವರು ವಧಾಲಯದ ಕೆಲಸಕ್ಕಿರಕೂಡದು, ಕೊಯ್ಯುವವನಿಗೆ ಪರವಾನಗಿ ಇರಬೇಕೆಂದು ನಿಯಮ ಹೇಳುತ್ತದೆ. ಅಂಗಡಿಯ ಹಿಂಬದಿಯಲ್ಲಿ ನಸುಕಿಗೆದ್ದು, ಮಂದ ಬೆಳಕಿನಲ್ಲಿ, ಜಾರುವ ನೆಲದ ಮೇಲೆ, ಸಾಲು ಬೆಳೆಯುವುದರೊಳಗೆ ಮುಗಿಸಬೇಕಾದವನಿಗೆ ಯಾರೂ ಏನನ್ನೂ ಕಲಿಸಿಲ್ಲ. ಅವಸರಕ್ಕೆ ಸಿಕ್ಕ ಕೈಯಿಂದ ದಯೆಯನ್ನು ನಿರೀಕ್ಷಿಸುವುದಕ್ಕಿಂತ, ಅವಸರವಿಲ್ಲದ ಒಂದು ಸ್ಥಳವನ್ನು ಅವನಿಗೆ ಕಟ್ಟಿಕೊಡುವುದು ಲೇಸು.

ವಧಾಲಯದಲ್ಲಿ ಪಶುವೈದ್ಯ ಪರೀಕ್ಷಿಸಿ ಒಪ್ಪಿದ ಮಾಂಸದ ಮೇಲೆ ನಗರಪಾಲಿಕೆಯ ಶಾಯಿಯ ಮುದ್ರೆ ಬೀಳುತ್ತದೆ. ಮುಂದಿನ ಭಾನುವಾರ ಸಾಲಿನಲ್ಲಿ ನಿಂತಾಗ, ಓದುಗರೆ, ಕೊಕ್ಕೆಯ ಮೇಲಿನ ತೊಡೆಯಲ್ಲಿ ಅದನ್ನು ಹುಡುಕಿ ನೋಡಿ. ಕಾಣದಿದ್ದರೆ, ಯಾವಾಗ ಕುಯ್ದಿದ್ದೆಂದು ಕೇಳುವುದನ್ನು ಬಿಟ್ಟು, ಎಲ್ಲಿ ಕುಯ್ದಿದ್ದೆಂದು ಕೇಳಿ.